ಐದು ಜನರಿಗೆ ಒಂದು ಟಾರ್ಪಾಲು ಸಾಕಾ?

ಪ್ರಶ್ನೆ: 2015ರ ಏಪ್ರಿಲ್ 25ರ ನೇಪಾಳ ಭೂಕಂಪವನ್ನು ಮಾದರಿಯಾಗಿಟ್ಟುಕೊಂಡು ಸ್ವಯಂಸೇವಕರಿಗೆ ತರಬೇತಿ ಟಿಪ್ಪಣಿ ಮಾಡ್ತಿದ್ದೇವೆ. ಗುಡ್ಡದೂರಿನಲ್ಲಿ ಮನೆ ಬಿದ್ದ ಐದು ಜನರ ಕುಟುಂಬಕ್ಕೆ 4×6 ಮೀಟರಿನ ಒಂದು ಟಾರ್ಪಾಲು ಸಾಕಾ?

ಉತ್ತರ 1: ಸಾಲದು, ಎರಡು ಕೊಡಿ. ತಲೆಗೆ 3.5 ಚದರ ಮೀಟರ್ ಲೆಕ್ಕದಲ್ಲಿ 17.5 ಬೇಕು. 2 ಮೀಟರ್ ಎತ್ತರದಲ್ಲಿ 4 ಮೀಟರ್ ಉದ್ದದ ಗಳು ಅಡ್ಡ ಕಟ್ಟಿ, ಎರಡೂ ಬದಿಗೆ 3 ಮೀಟರಿನಂತೆ ಇಳಿಬಿಟ್ಟರೆ ನೆಲದಲ್ಲಿ ಸುಮಾರು 18 ಸಿಗುತ್ತೆ. ಆದರೆ ಹಿಂದೆ ಮುಂದೆ ಪೂರ್ತಿ ತೆರೆದಿರುತ್ತೆ, ಎರಡನೆಯದು ಅದಕ್ಕೇ. ಮೊದಲು ಹರಿಯೋದು ಮೂಲೆಯ ರಿಂಗ್, ಗಾಳಿಯ ಎಳೆತವೆಲ್ಲ ಅಲ್ಲೇ. ರಿಂಗ್ ಕಿತ್ತರೆ ನಿಂಬೆ ಗಾತ್ರದ ದುಂಡುಕಲ್ಲನ್ನು ಟಾರ್ಪಾಲಿನೊಳಗೆ ಸುತ್ತಿ, ಆ ಗಂಟಿನ ಕುತ್ತಿಗೆಗೆ ಹಗ್ಗ ಬಿಗಿಯಿರಿ. ಗಳುವಿನ ತುದಿಗೆ ಹಳೇ ಬಟ್ಟೆ ಸುತ್ತೋದು ಮರೀಬೇಡಿ.

ಉತ್ತರ 2: ತಗಡು ಹೊದಿಸಿದರೆ ಹಾರದಿರಲಿ ಅಂತ ಮೇಲೆ ಕಲ್ಲು ಹೇರಬೇಡಿ, ತಂತಿಯಿಂದ ಕಟ್ಟಿ. ನೆಲ ಮತ್ತೆ ನಡುಗಿದರೆ ಕಲ್ಲು ತಲೆ ಮೇಲೆ ಬೀಳುತ್ತೆ, ನೇಪಾಳದಲ್ಲಿ ಮೇ 12ರಂದು ಮತ್ತೆ 7.3 ತೀವ್ರತೆಯಲ್ಲಿ ನಡುಗಿತ್ತು! ಜೂನಿನಲ್ಲಿ ಮಳೆ ಹಿಡಿಯುತ್ತೆ. ಸುತ್ತ ಕಾಲುವೆ ತೋಡದಿದ್ದರೆ ಟಾರ್ಪಾಲು ಎಷ್ಟಿದ್ದರೂ ಹಾಸಿಗೆ ನೆನೆಯೋದೇ.

ಉತ್ತರ 3: ಟಾರ್ಪಾಲಿನ ಜೊತೆ ನೀರು, ಶೌಚದ ಲೆಕ್ಕವೂ ಟಿಪ್ಪಣಿಯಲ್ಲಿರಲಿ. ನೀರು ತಲೆಗೆ ದಿನಕ್ಕೆ 15 ಲೀಟರ್. ಕ್ಲೋರಿನ್ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿದಾಗ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಉಳಿದಿರಬೇಕು. ಕದಡಿದ ನೀರು ಕ್ಲೋರಿನನ್ನೆಲ್ಲ ನುಂಗುತ್ತೆ, ಮೊದಲು ತಿಳಿಯಾಗಿಸಿ. ಶೌಚಗುಂಡಿ ಒರತೆಯಿಂದ 30 ಮೀಟರ್ ದೂರ, ಇಳಿಜಾರಿನ ಕೆಳಬದಿಗೆ.