ಸಿವಿ ಓದವಲ್ದು, ಥ್ರಾಟಲ್ ತಿರುವಿದ್ರ ಶಾರ್ಟ್: ಹಳೇ ಡಿಸಿ ಲೋಕೊಕ್ಕ ಡಿಕೋಡರ್

ಉಣಕಲ್_ಎಚ್‌ಒ (ಹುಬ್ಬಳ್ಳಿ)
ಮಾದರಿ ರೈಲಿನ ಲೋಕೊ (ಎಂಜಿನ್): ಎಚ್‌ಒ ಸ್ಕೇಲಿನ (1:87 ಅಳತಿ) ಹಳೇ ಎಸ್‌ಡಿ40-2 (ಅಮೆರಿಕದ ಡೀಸೆಲ್ ಎಂಜಿನ್), ಲೋಹದ ಚಾಸಿ, ಸಾಕೆಟ್ ಇಲ್ಲ. ಡಿಕೋಡರ್ (ಹಳಿಯೊಳಗ ಬರೋ ಡಿಜಿಟಲ್ ಆದೇಶ ಓದಿ ಮೋಟಾರ್ ನಡಸೋ ಸಣ್ಣ ಬೋರ್ಡು) 1 ಆಂಪಿಂದು, ವೈರ್ ನೇರ ಬೆಸುಗೆ ಹಾಕಿದ್ದು. 12 ವೋಲ್ಟ್ ಡಿಸಿ ಕೊಟ್ಟು ಫ್ಲೈವೀಲ್ ಹಿಡಿದಾಗ ಮೋಟಾರ್ 0.8 ಆಂಪ್ ಎಳೀತು, ಅಂದ್ರ ಡಿಕೋಡರ್ ಸಾಲತೈತಿ.

ಕೆಂಪು-ಕರಿ ಹಳಿ ಕಡೆ, ಆರೆಂಜ್ ಮೋಟಾರಿನ ಮ್ಯಾಲಿನ ಕ್ಲಿಪ್ಪಿಗೆ, ಗ್ರೇ ಕೆಳಗಿನ ಕ್ಲಿಪ್ಪಿಗೆ, ಬಿಳಿ ವೈರ್ ಮುಂದಿನ ಬಲ್ಬಿಗೆ. ನೀಲಿ ಬಿಟ್ಟೀನಿ, ಯಾಕಂದ್ರ ಬಲ್ಬಿನ ಇನ್ನೊಂದು ತುದಿ ಮೊದಲಿಂದನೂ ಚಾಸಿಗೆ ಐತಿ.

ಪ್ರೋಗ್ರಾಮಿಂಗ್ ಟ್ರ್ಯಾಕಿನ್ಯಾಗ (ಡಿಕೋಡರ್ ಸೆಟ್ಟಿಂಗ್ ಮಾಡೋ ಬೇರೆ ಹಳಿ) ಸಿವಿ1 ಓದವಲ್ದು (ಸಿವಿ ಅಂದ್ರ ಡಿಕೋಡರಿನ ಸೆಟ್ಟಿಂಗ್, ಸಿವಿ1ರಾಗ ಲೋಕೊದ ವಿಳಾಸ). ಮೇನ್ ಲೈನಿಗೆ ಇಟ್ಟು ವಿಳಾಸ 3ಕ್ಕ ಎಫ್‌0 (ದೀಪದ ಗುಂಡಿ) ಒತ್ತಿದ್ರ ಬಲ್ಬ್ ಮಂದ ಹತ್ತತೈತಿ. ಥ್ರಾಟಲ್ (ವೇಗದ ಗುಂಡಿ) ಒಂದು ಹೆಜ್ಜೆ ಏರಿಸಿದ್ರ ಸ್ಟೇಶನ್ (ಹಳಿಗೆ ಕರೆಂಟು, ಆದೇಶ ಕೊಡೋ ಪೆಟ್ಟಿಗಿ) ಶಾರ್ಟ್ ತೋರಿಸಿ ನಿಲ್ಲತೈತಿ. ಕೆಳಗಿನ ಕ್ಲಿಪ್ಪು ಮತ್ತ ಚಾಸಿ ನಡುವ ಮೀಟರ್ 0.3 ಓಮ್ ತೋರಸ್ತು. ಡಿಕೋಡರ್ ಸುಟ್ಟೈತೇನು?

ಸಪ್ತಾಪುರ_ಸೋಲ್ಡರ್ (ಧಾರವಾಡ)
ಮೊದಲ ಅದನ್ನ ಹಳಿಯಿಂದ ಕೆಳಗ ಇಳಸ್ರಿ. ನಿಮ್ಮ ಉತ್ತರ ಆ 0.3 ಓಮ್‌ನಾಗ ಅದ.

ಹಳೇ ಡಿಸಿ ಲೋಕೊದಾಗ ಚಾಸಿನ ಒಂದು ವೈರು. ಒಂದು ಬದಿ ಗಾಲಿ ಕರೆಂಟು ಟ್ರಕ್ಕಿನಿಂದ (ಗಾಲಿ ಕೂರೋ ಚೌಕಟ್ಟು) ಚಾಸಿಗೆ, ಚಾಸಿಯಿಂದ ಕೆಳಗಿನ ಬ್ರಶ್ಶಿಗೆ (ಮೋಟಾರಿಗೆ ಕರೆಂಟು ಮುಟ್ಟಿಸೋ ಕಾರ್ಬನ್ ತುಂಡು). ಡಿಸಿಗೆ ಅದು ಸರಿ. ಡಿಸಿಸಿಯೊಳಗ (ಹಳಿ ಮ್ಯಾಲ ಡಿಜಿಟಲ್ ಆದೇಶ ಕಳಿಸಿ ಓಡಸೋ ಪದ್ಧತಿ) ಮೋಟಾರಿಗೆ ಡಿಕೋಡರ್ ಬಿಟ್ಟು ಬ್ಯಾರೆ ದಾರಿನ ಇರಬಾರದು. ಈಗ ನಿಮ್ಮ ಗ್ರೇ ವೈರು ನೇರ ಹಳಿಗೆ ಕೂತದ. ಥ್ರಾಟಲ್ ಏರಿಸಿದ ಕೂಡ್ಲೆ ಡಿಕೋಡರಿನ ಟ್ರಾನ್ಸಿಸ್ಟರು ಎರಡೂ ಹಳಿ ಕೂಡಿಸಿಬಿಡ್ತಾವ. ಸ್ಟೇಶನ್ ಬೇಗ ಟ್ರಿಪ್ ಆಗಿದ್ರ ಉಳದಿರತದ, ಇನ್ನೊಮ್ಮೆ ಪರೀಕ್ಷಾ ಮಾಡಾಕ ಹೋಗಬ್ಯಾಡ್ರಿ.

ಮೋಟಾರ್ ಎತ್ತಿ ಕೆಳಗಿನ ತಾಮ್ರದ ಕ್ಲಿಪ್ ನೋಡ್ರಿ. ಚಾಸಿಗೆ ಒತ್ತೋ ಎರಡು ಸಣ್ಣ ಹಲ್ಲು ಇರತಾವ. ಕಟರ್‌ಲೆ ಕತ್ತರಿಸಿ ಕಾನಸಲೆ ಉಜ್ಜಿ ಸಪಾಟ ಮಾಡ್ರಿ. ಕ್ಲಿಪ್ ತಗದು ಹೊರಗಿಟ್ಟು ಗ್ರೇ ವೈರ್ ಬೆಸುಗೆ ಹಾಕ್ರಿ, ಜಾಗಾದಾಗ ಇಟ್ಟ ಹಾಕಿದ್ರ ಬ್ರಶ್ ಹಿಡಿಯೋ ಪ್ಲಾಸ್ಟಿಕ್ ಕರಗತದ. 25 ವ್ಯಾಟ್ ಐರನ್, ಎರಡು ಸೆಕೆಂಡ್ ಸಾಕು. ಕ್ಲಿಪ್ ತಗಿಯೂ ಮುಂದ ಸ್ಪ್ರಿಂಗ್ ಜಿಗೀತದ, ಬಟ್ಟಲದಾಗ ಹಿಡಕೊಂಡು ಬಿಚ್ರಿ. ಮ್ಯಾಲಿನ ಉದ್ದ ಪಟ್ಟಿನೂ ಮೋಟಾರಿನಿಂದ ಬೇರೆ ಆಗಬೇಕು, ಅದು ಇನ್ನೊಂದು ಹಳಿ.

ಮೋಟಾರ್ ಕೂರೋ ಜಾಗಾಕ್ಕ ಕ್ಯಾಪ್ಟಾನ್ ಟೇಪ್ (ಬಿಸಿ ತಡಿಯೋ ಹಳದಿ ಟೇಪ್) ಎರಡು ಪದರ. ಮೊಬೈಲ್ ರಿಪೇರಿ ಅಂಗಡ್ಯಾಗ ಸಿಗತದ. ಕರೇ ಇನ್ಸುಲೇಶನ್ ಟೇಪ್ ಬ್ಯಾಡ, ನಮ್ಮ ಏಪ್ರಿಲ್ ಬಿಸಲಿಗೆ ಅಂಟು ಇಳದು ಫ್ಲೈವೀಲಿಗೆ ಮೆತ್ತತದ.

ಡಿಕೋಡರ್ ಬಿಚ್ಚಿಟ್ಟು ಮೀಟರ್ ಹಿಡೀರಿ: ಪ್ರತಿ ಬ್ರಶ್ಶಿನಿಂದ ಎಡಗಾಲಿಗೆ, ಬಲಗಾಲಿಗೆ, ಚಾಸಿಗೆ. ಆರೂ ಸಲ ಓಎಲ್ (ಎಲ್ಲೂ ತಾಗಿಲ್ಲ ಅಂತ) ಬರಬೇಕು. ಮೋಟಾರನ್ನ ಕೈಲೆ ತಿರುವ್ತಾ ನೋಡ್ರಿ, ಕೆಲವೊಮ್ಮೆ ಒಂದ ಕೋನದಾಗ ತಾಗತದ.

ಹಾವೇರಿ ಲೂಪ್‌ಲೈನ್
ಸಪ್ತಾಪುರದವರು ಹೇಳಿದ್ದಕ್ಕೆ ಬಲ್ಬಿನ ಮಾತು ಸೇರಿಸ್ತೀನಿ. ಬಲ್ಬ್ ಮಂದ ಉರಿಯೋದಕ್ಕೂ ಚಾಸಿಯೇ ಕಾರಣ. ನೀಲಿ ವೈರು ಡಿಕೋಡರಿನ ಪ್ಲಸ್. ಅದನ್ನ ಬಿಟ್ಟು ಚಾಸಿಯಿಂದ ಕೊಟ್ಟರೆ, ಆ ಹಳಿ ಪ್ಲಸ್ ಇರುವಷ್ಟು ಹೊತ್ತು ಮಾತ್ರ ಬಲ್ಬಿಗೆ ಕರೆಂಟು, ಅಂದರೆ ಅರ್ಧ.

ಬಲ್ಬ್ ತೆಗೆದು ಎಲ್‌ಇಡಿ ಹಾಕಿ. ನೀಲಿ ಉದ್ದ ಕಾಲಿಗೆ, ಬಿಳಿ 1 ಕಿಲೋ ಓಮ್ ರೆಸಿಸ್ಟರ್ ದಾಟಿ ಗಿಡ್ಡ ಕಾಲಿಗೆ. ಕಾಲು ವ್ಯಾಟಿನದು ಸಾಕು: 14 ವೋಲ್ಟಿನಲ್ಲಿ ಎಲ್‌ಇಡಿ 3 ವೋಲ್ಟ್ ತಿಂದರೆ ಉಳಿದ 11ಕ್ಕೆ 11 ಮಿಲಿಆಂಪ್. ಕಣ್ಣು ಕುಕ್ಕಿದರೆ 2.2 ಕಿಲೋ. ಹಿಂದಿನ ದೀಪ ಹಳದಿ ವೈರಿಗೆ, ಅದಕ್ಕೆ ಬೇರೆ ರೆಸಿಸ್ಟರ್.

ಡಿಕೋಡರ್ ಬದುಕಿದೆಯೋ ನೋಡಲು ಲೋಕೊ ಬೇಡ. ಕೆಂಪು-ಕರಿ ಪ್ರೋಗ್ರಾಮಿಂಗ್ ಟ್ರ್ಯಾಕಿಗೆ, ಆರೆಂಜ್-ಗ್ರೇ ನಡುವೆ 100 ಓಮ್ ರೆಸಿಸ್ಟರ್ ಹಾಕಿ ಸಿವಿ8 (ತಯಾರಕರ ನಂಬರು) ಓದಿ. ಡಿಕೋಡರ್ ಉತ್ತರ ಕೊಡೋದೇ ಮೋಟಾರಿಗೆ ಸುಮಾರು 6 ಮಿಲಿಸೆಕೆಂಡ್ ಕರೆಂಟು ಬಿಟ್ಟು. ಸ್ಟೇಶನ್ನಿಗೆ ಕನಿಷ್ಠ 60 ಮಿಲಿಆಂಪ್ ಏರಿಕೆ ಕಾಣಬೇಕು. ಮೋಟಾರ್ ಜಾಗದಲ್ಲಿ ಏನೂ ಇಲ್ಲದಿದ್ದರೆ ಒಳ್ಳೆ ಡಿಕೋಡರೂ ಸತ್ತಂತೆ ಕಾಣುತ್ತೆ. ಈ ರೆಸಿಸ್ಟರ್ ಇಟ್ಟುಕೊಂಡು ಮೇನ್ ಲೈನಿಗೆ ಹೋಗಬೇಡಿ, ಹೊಗೆ ಬರುತ್ತೆ.

ಉಣಕಲ್_ಎಚ್‌ಒ
ಸಿವಿ8 ಓದ್ತು, ಡಿಕೋಡರ್ ಜೀವಂತ ಐತಿ! ಹಲ್ಲು ಕತ್ತರಿಸಿ ಟೇಪ್ ಹಾಕಿ, ಆರೂ ಕಡೆ ಓಎಲ್ ಬಂತು. ಜೋಡಿಸಿದ ಮ್ಯಾಲ ಸಿವಿ1ರಾಗ 3 ಕಾಣತೈತಿ. ಈಗ ಮುಂದ ಅಂದ್ರ ಹಿಂದ ಹೊಂಟೈತಿ, ದೀಪ ಮಾತ್ರ ಮುಂದಿಂದನ ಹತ್ತತೈತಿ. ಸಿವಿ29ಕ್ಕ (ದಿಕ್ಕಿನ ಸೆಟ್ಟಿಂಗ್ ಇರೋದು) 7 ಬರದ್ರ ದೀಪ ಉಲ್ಟಾ ಆತು. ಇನ್ನೊಂದು, ನಿಧಾನ ಓಡಿಸಿದ್ರ ಮೋಟಾರ್ ಗುಂಯ್ ಅಂತೈತಿ, ಡಿಕೋಡರ್ ಬಿಸಿನೂ ಆಗತೈತಿ.

ಗದಗ ಜಂಕ್ಷನ್
ಸಿವಿ29 ಮತ್ತ 6 ಮಾಡ್ರಿ. 7 ಅನ್ನೋದು ಮೋಟಾರ್, ದೀಪ ಎರಡನ್ನೂ ಕೂಡೇ ತಿರುಗಸ್ತದ. ದೀಪ ಸರಿ, ಓಟ ಉಲ್ಟಾ ಅಂದ್ರ ಆರೆಂಜ್-ಗ್ರೇ ಅದಲುಬದಲು ಮಾಡಬೇಕು, ಅಷ್ಟ. ಎಂಟು ಪಿನ್ನಿನ ಸಾಕೆಟ್ ಇದ್ದ ಲೋಕೊದಾಗ ಓಟ ಉಲ್ಟಾ ಆಗಿ ದೀಪನ ಹತ್ತಲಿಲ್ಲಂದ್ರ ಪ್ಲಗ್ ತಿರುವಿ ಚುಚ್ಚೀರಿ ಅಂತ ತಿಳೀರಿ: ಆರೆಂಜ್ ಗ್ರೇ ಜಾಗಾಕ್ಕ, ನೀಲಿ ಹಸಿರಿನ ಜಾಗಾಕ್ಕ ಹೋಗಿರತದ. ಏನೂ ಸುಡಂಗಿಲ್ಲ, ತಿರುವಿ ಹಾಕ್ರಿ.

ಗುಂಯ್ ಅನ್ನೋದಕ್ಕ ಮೋಟಾರಿನ ಎರಡು ಬ್ರಶ್ ನಡುವ 104 ಅಂತ ಬರದ ಚಪ್ಪಟೆ ಕೆಪಾಸಿಟರ್ ಉಳದದೇನು ನೋಡ್ರಿ. ಡಿಸಿಯಾಗ ರೇಡಿಯೋ ಗೊರಗೊರ ತಡಿಯಾಕ ಹಾಕಿದ್ದು. ಡಿಕೋಡರ್ ಮೋಟಾರಿಗೆ ಬಿಡೋದು ತುಂಡು ತುಂಡು ಕರೆಂಟು, ಅದನ್ನ ಈ ಕೆಪಾಸಿಟರ್ ನುಂಗಿ ಡಿಕೋಡರ್ ಕಾಯಸ್ತದ. ಕತ್ತರಿಸಿ ಒಗೀರಿ.

ಎಸ್‌ಡಿ40-2 ಮ್ಯಾಲ ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 (ಗೂಡ್ಸ್ ಎಳಿಯೋ ಡೀಸೆಲ್ ಎಂಜಿನ್) ಬಣ್ಣ ಹೊಡೆಯೋ ವಿಚಾರ ಇದ್ರ, ಕ್ಯಾಬ್ ಮುಂದೋ ಉದ್ದ ಹುಡ್ ಮುಂದೋ ಅಂತ ಈಗ ಠರಾಸ್ರಿ. ಒಂದ ಕ್ಯಾಬ್ ಇರೋ ಲೋಕೊ, ನಮ್ಮಲ್ಲಿ ಎರಡೂ ಕಡೆ ಮುಖ ಮಾಡಿ ಓಡತದ. ಎರಡು ಲೋಕೊ ಕೂಡಿ ಓಡಸೂ ಮುಂದ ಒಂದು ಹಂಗ, ಒಂದು ಹಿಂಗ ಇದ್ರ ಒಂದನ್ನೊಂದು ಜಗ್ತಾವ.

ಉಣಕಲ್_ಎಚ್‌ಒ
104 ಸಿಕ್ತು, ಬ್ರಶ್ ಕವಚದ ಹಿಂದ ಅಡಗಿತ್ತು. ತಗದೆ, ಆರೆಂಜ್-ಗ್ರೇ ಬದಲ ಮಾಡಿದೆ. ಅರ್ಧ ತಾಸು ಓಡಿಸಿದ ಮ್ಯಾಲನೂ ಡಿಕೋಡರ್ ಬರೇ ಬೆಚ್ಚಗ ಐತಿ.