ಸೂರ್ಯ ಬಂದದ್ದು ನಾಲ್ಕನೇ ದಿನ, ಹಾಗಾದ್ರೆ ಮೊದಲನೇ ಸಾಯಂಕಾಲ ಹೇಗಾಯ್ತು?

ಮಲ್ಪೆ ಟೀಚರ್:

ಎಲ್ಲರಿಗೂ ನಮಸ್ಕಾರ. ಉಡುಪಿ ಕಡೆಯ ಒಂದು ಸಭೆಯಲ್ಲಿ ಸಂಡೇ ಸ್ಕೂಲ್ ನಡೆಸುತ್ತೇನೆ. ಹನ್ನೆರಡು ಮಕ್ಕಳು, ಹೆಚ್ಚಿನವರು ಹೈಸ್ಕೂಲಿನವರು. ಕಳೆದ ವಾರ ಬೈಬಲಿನ ಆದಿಕಾಂಡದ ಒಂದನೇ ಅಧ್ಯಾಯ ಇತ್ತು, ದೇವರು ಆರು ದಿನದಲ್ಲಿ ಲೋಕ ಸೃಷ್ಟಿಸಿದ ಭಾಗ. ಓದಿ ಪುಸ್ತಕ ಕೆಳಗಿಟ್ಟಿಲ್ಲ, ಒಂಬತ್ತನೇ ಕ್ಲಾಸಿನ ಹುಡುಗಿ ಕೈ ಎತ್ತಿದಳು. "ಟೀಚರ್, ಸೂರ್ಯನನ್ನು ಮಾಡಿದ್ದು ನಾಲ್ಕನೇ ದಿನ ಅಲ್ವಾ? ಮತ್ತೆ ಮೊದಲನೇ ದಿನ ಸಾಯಂಕಾಲ ಹೇಗಾಯ್ತು?"

ನಾನು "ದೇವರ ದಿನ ಬೇರೆ, ನಮ್ಮ ದಿನ ಬೇರೆ" ಎಂದೆ. ಅವಳು ಬಿಡಲಿಲ್ಲ. ಶಾಲೆಯಲ್ಲಿ ಬಿಗ್ ಬ್ಯಾಂಗ್ ಅಂತ ಹೇಳಿದ್ದಾರೆ, ಅದರಿಂದ ಬ್ರಹ್ಮಾಂಡ ಶುರುವಾಗಿ 1380 ಕೋಟಿ ವರ್ಷ ಅಂತೆ, ಇಲ್ಲಿ ಆರು ದಿನ, ಪರೀಕ್ಷೆಯಲ್ಲಿ ಯಾವುದು ಬರೀಬೇಕು ಎಂದು ಕೇಳಿದಳು. ಉಳಿದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ಯೂಟ್ಯೂಬಿನಲ್ಲಿ ಹುಡುಕಿದಾಗ ಒಂದು ಉತ್ತರ ಸಿಕ್ಕಿತು. ದೇವರು "ಬೆಳಕಾಗಲಿ" ಎಂದದ್ದೇ ಬಿಗ್ ಬ್ಯಾಂಗ್, ವಿಜ್ಞಾನಿಗಳು ಈಗ ಕಂಡುಹಿಡಿದದ್ದನ್ನು ಸತ್ಯವೇದ ಅಂದೇ ಹೇಳಿತ್ತು ಅಂತ. ಕೇಳಲು ಚೆನ್ನಾಗಿದೆ, ಮಕ್ಕಳಿಗೂ ಖುಷಿಯಾಗುತ್ತದೆ. ಈ ವಾರ ಇದನ್ನೇ ಹೇಳಿ ಮುಗಿಸೋಣ ಅಂತಿದ್ದೇನೆ. ಸರಿಯಾ? ಇಲ್ಲಿ ವಿಜ್ಞಾನ ಓದಿದವರು, ನಂಬಿಕೆ ಇರುವವರು ಇಬ್ಬರೂ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ದಯವಿಟ್ಟು ಜಗಳ ಮಾಡಬೇಡಿ.

ರಿಟೈರ್ಡ್ ಫಿಸಿಕ್ಸ್:

ಟೀಚರ್, ಆ ಯೂಟ್ಯೂಬ್ ಉತ್ತರ ಮಾತ್ರ ಹೇಳಬೇಡಿ. ನಾನು ಮಂಗಳೂರಿನ ಕ್ಯಾಥೊಲಿಕ್, ಮೂವತ್ತು ವರ್ಷ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದವನು. ಬೇಡ ಅನ್ನಲು ನನ್ನ ಕಾರಣ ವಿಜ್ಞಾನದ್ದಲ್ಲ, ಒಬ್ಬ ಪಾದ್ರಿಯದ್ದು.

ಬಿಗ್ ಬ್ಯಾಂಗ್ ಕಲ್ಪನೆಯನ್ನು ಮೊದಲು ಕೊಟ್ಟವರು ಬೆಲ್ಜಿಯಂನ ಜಾರ್ಜ್ ಲಮೇತ್ರ. 1923ರಲ್ಲಿ ಗುರುದೀಕ್ಷೆ ಪಡೆದ ಕ್ಯಾಥೊಲಿಕ್ ಪಾದ್ರಿ. ಕೊರಳಲ್ಲಿ ಬಿಳಿ ಕಾಲರ್, ಕೈಯಲ್ಲಿ ಐನ್‌ಸ್ಟೈನ್ ಸಮೀಕರಣ. 1927ರಲ್ಲಿ ಬ್ರಹ್ಮಾಂಡ ಹಿಗ್ಗುತ್ತಿದೆ ಎಂದು ಲೆಕ್ಕ ಹಾಕಿ ಫ್ರೆಂಚ್‌ನಲ್ಲಿ ಬರೆದರು, ಯಾರೂ ಅಷ್ಟು ಗಮನಿಸಲಿಲ್ಲ. ಅದೇ ವರ್ಷ ಬ್ರಸೆಲ್ಸ್‌ನಲ್ಲಿ ಐನ್‌ಸ್ಟೈನ್ ಸಿಕ್ಕಾಗ "ಲೆಕ್ಕ ಸರಿ ಇದೆ, ಆದರೆ ನಿಮ್ಮ ಫಿಸಿಕ್ಸ್ ಮಾತ್ರ ಅಸಹ್ಯ" ಅನ್ನುವ ಅರ್ಥದಲ್ಲಿ ಹೇಳಿ ಕಳಿಸಿದರಂತೆ. ಅಮೆರಿಕದ ಖಗೋಳ ವಿಜ್ಞಾನಿ ಹಬಲ್ ತನ್ನ ಅಳತೆಗಳನ್ನು ಪ್ರಕಟಿಸಿದ್ದು ಎರಡು ವರ್ಷ ಬಿಟ್ಟು, 1929ರಲ್ಲಿ. ಬ್ರಹ್ಮಾಂಡ ಹಿಗ್ಗುವ ಆ ನಿಯಮಕ್ಕೆ ಇಬ್ಬರ ಹೆಸರೂ ಇರಲಿ ಎಂದು ಖಗೋಳ ವಿಜ್ಞಾನಿಗಳು ವೋಟು ಹಾಕಿದ್ದು 2018ರಲ್ಲಿ. ತಡ ಆಯ್ತು, ಇರಲಿ.

ಈಗ ಮುಖ್ಯ ವಿಷಯ. 1931ರಲ್ಲಿ ಲಮೇತ್ರ 'ನೇಚರ್' ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದರು. ಎಲ್ಲವೂ ಒಂದೇ ಒಂದು ಮೂಲ ಕಣದಿಂದ ಶುರುವಾಗಿರಬಹುದು ಅನ್ನುವ ಮಾತು ಅದರಲ್ಲಿದೆ. ಅದರ ಟೈಪ್ ಮಾಡಿದ ಕರಡು ಪ್ರತಿ ಇಂದಿಗೂ ಉಳಿದಿದೆ. ಕೊನೆಯಲ್ಲಿ ದೇವರ ಬಗ್ಗೆ ಒಂದು ಪ್ಯಾರಾ. ದೇವರು ಮೂಲತಃ ಮರೆಯಲ್ಲಿರುವವನು, ಭೌತಶಾಸ್ತ್ರ ಸೃಷ್ಟಿಯ ಮುಂದೆ ಒಂದು ಪರದೆ ಎಳೆದ ಹಾಗಿದೆ, ನಂಬುವವರಿಗೆ ಇದು ಖುಷಿ ಕೊಡಬಹುದು ಅನ್ನುವ ಅರ್ಥದ್ದು. ಆ ಪ್ಯಾರಾದ ಮೇಲೆ ಪೆನ್ನಿನಿಂದ ಗೀಟು ಎಳೆದಿದ್ದಾರೆ. ಪ್ರಕಟವಾದ ಪತ್ರದಲ್ಲಿ ಅದಿಲ್ಲ.

ನನಗೆ ಆ ಗೀಟೇ ದೊಡ್ಡ ಪಾಠ. ಬರೆದದ್ದು ಸುಳ್ಳು ಅಂತ ಹೊಡೆದದ್ದಲ್ಲ, ಪ್ರತಿದಿನ ಪೂಜೆ ಅರ್ಪಿಸುತ್ತಿದ್ದ ಮನುಷ್ಯ ಅವರು. ಅದು ಇರಬೇಕಾದ ಜಾಗ ಅದಲ್ಲ ಅಂತ ಅವರಿಗೆ ಗೊತ್ತಿತ್ತು.

ಆಮೇಲೆ 1951ರ ನವೆಂಬರ್‌ನಲ್ಲಿ ಪೋಪ್ 12ನೇ ಪಿಯುಸ್ ತಮ್ಮದೇ ವಿಜ್ಞಾನ ಅಕಾಡೆಮಿಯಲ್ಲಿ ಭಾಷಣ ಮಾಡಿ ಹೆಚ್ಚುಕಡಿಮೆ ನಿಮ್ಮ ಯೂಟ್ಯೂಬಿನ ಮಾತನ್ನೇ ಹೇಳಿದರು, ವಿಜ್ಞಾನ ಹಿಂದೆ ಹಿಂದೆ ಹೋಗಿ "ಬೆಳಕಾಗಲಿ" ಎಂದ ಆ ಕ್ಷಣಕ್ಕೆ ಸಾಕ್ಷಿ ಹೇಳುತ್ತಿದೆ ಅಂತ. ಲಮೇತ್ರ ಕುಣಿದಾಡಬೇಕಿತ್ತು ಅಲ್ವಾ? ಇಲ್ಲ, ಅವರಿಗೆ ಕಸಿವಿಸಿಯಾಯಿತು. ಮರುವರ್ಷ ರೋಮಿನಲ್ಲಿ ಖಗೋಳ ವಿಜ್ಞಾನಿಗಳ ದೊಡ್ಡ ಸಮ್ಮೇಳನ ಇತ್ತು, ಅಲ್ಲೂ ಪೋಪ್ ಮಾತಾಡುವವರಿದ್ದರು. ಲಮೇತ್ರ ಮತ್ತು ವ್ಯಾಟಿಕನ್ ವೀಕ್ಷಣಾಲಯದ ಮುಖ್ಯಸ್ಥರು ಸೇರಿ ಇದನ್ನು ಮತ್ತೆ ಎತ್ತದಂತೆ ಮನವೊಲಿಸಿದರು. ಪೋಪ್ ಎತ್ತಲಿಲ್ಲ.

ಯಾಕೆ ಬೇಡ ಅಂದರೆ, ವಿಜ್ಞಾನದ ಮಾತು ನಾಳೆ ಬದಲಾಗಬಹುದು. ಇವತ್ತು ಬಿಗ್ ಬ್ಯಾಂಗಿಗೆ ದೇವರನ್ನು ಕಟ್ಟಿಹಾಕಿದರೆ, ನಾಳೆ ಅದಕ್ಕೂ ಹಿಂದೆ ಏನೋ ಇತ್ತು ಅಂತ ಲೆಕ್ಕ ಬಂದಾಗ ಆ ಹುಡುಗಿ ಎರಡನ್ನೂ ಒಟ್ಟಿಗೆ ಎಸೆಯುತ್ತಾಳೆ.

ಹಾಸನದ ಹುಡುಗ:

ಫಿಸಿಕ್ಸ್ ಸರ್ ಮೇಲೆ ಗೌರವ ಇದೆ, ಆದರೆ ನನ್ನದು ಬೇರೆ ಅಭಿಪ್ರಾಯ. ನಾನು ಆರು ದಿನ ಅಂದರೆ ಆರು ದಿನ ಅಂತಲೇ ನಂಬುವವನು. "ಸಾಯಂಕಾಲವೂ ಪ್ರಾತಃಕಾಲವೂ" ಅಂತ ಪ್ರತಿ ದಿನಕ್ಕೂ ಬರೆದಿದೆ. ಅದನ್ನು ಕವಿತೆ ಅಂತ ಒಮ್ಮೆ ಶುರುಮಾಡಿದರೆ ಎಲ್ಲಿ ನಿಲ್ಲಿಸುತ್ತೀರಿ? ಆದಾಮನೂ ಕವಿತೆಯಾ? ಆದಾಮನಿಂದ ಪಾಪ ಬಂತು, ಕ್ರಿಸ್ತನಿಂದ ಬಿಡುಗಡೆ ಬಂತು ಅಂತ ಪೌಲ ರೋಮಾಪುರದವರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿದೆ. ಮೊದಲನೆಯವನು ಬರೀ ಕಥೆ ಆದರೆ ಎರಡನೆಯವನ ಗತಿ ಏನು? ನಾನು ಜಗಳ ಮಾಡುತ್ತಿಲ್ಲ ಟೀಚರ್, ನಿಜವಾಗಿ ಕೇಳುತ್ತಿದ್ದೇನೆ.

ಲಾಲ್‌ಬಾಗ್ ವಾಕರ್:

ನಾನು ಕ್ರೈಸ್ತರ ಮನೆಯಲ್ಲಿ ಹುಟ್ಟಿದವನು, ಈಗ ಚರ್ಚಿಗೆ ಹೋಗುವುದಿಲ್ಲ. ಬಿಟ್ಟದ್ದು ಯಾಕೆ ಅಂತ ಕೇಳಿದರೆ ಬಿಗ್ ಬ್ಯಾಂಗಿನಿಂದ ಅಲ್ಲ. ಎಂಟನೇ ಕ್ಲಾಸಿನಲ್ಲಿ ಇಂಥದ್ದೇ ಪ್ರಶ್ನೆ ಕೇಳಿದ್ದಕ್ಕೆ "ಸೈತಾನನ ಪ್ರಶ್ನೆ" ಎಂದು ಹೊರಗೆ ನಿಲ್ಲಿಸಿದ್ದರು. ಮಳೆ ಬರುತ್ತಿತ್ತು. ಜಗಲಿಯ ಕಂಬಕ್ಕೆ ಒರಗಿ ನಿಂತು, ಒಳಗೆ ಎಲ್ಲರೂ ಹಾಡುವುದನ್ನು ಕೇಳಿಸಿಕೊಂಡೆ. ಅವತ್ತೇ ಅರ್ಧ ಹೊರಗೆ ಬಂದಿದ್ದೆ ಅನಿಸುತ್ತದೆ. ನೀವು ನಕ್ಕಿರಲ್ಲ ಟೀಚರ್, ಅಷ್ಟೇ ದೊಡ್ಡದು.

ಹಾಸನದವರೇ, ನಾನು ದಿನಾ ಬೆಳಿಗ್ಗೆ ಲಾಲ್‌ಬಾಗಿನ ಬಂಡೆ ಹತ್ತುತ್ತೇನೆ. ಕೆಂಪೇಗೌಡರ ಗೋಪುರ ಇರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಕಲ್ಲಿನೊಳಗಿನ ಯುರೇನಿಯಂ ಎಷ್ಟು ಸೀಸ ಆಗಿದೆ ಅಂತ ಅಳೆದು ಇಂಥ ವಯಸ್ಸು ಹೇಳುತ್ತಾರೆ. ಬೈಬಲಿನ ವಂಶಾವಳಿ ಕೂಡಿಸಿ ಭೂಮಿಗೆ ಆರು ಸಾವಿರ ವರ್ಷ ಅನ್ನುವ ಲೆಕ್ಕವನ್ನು ಅಲ್ಲಿ ನಿಂತು ನಂಬಲು ನನಗಂತೂ ಆಗುವುದಿಲ್ಲ. ಆದರೆ ನೀವು ಕೇಳಿದ "ಎಲ್ಲಿ ನಿಲ್ಲಿಸುತ್ತೀರಿ" ಅನ್ನುವ ಪ್ರಶ್ನೆ ನನ್ನದೂ ಹೌದು. ಫಿಸಿಕ್ಸ್ ಸರ್, ಸುಮ್ನೆ ಜಾರಿಕೊಳ್ಳಬೇಡಿ.

ರಿಟೈರ್ಡ್ ಫಿಸಿಕ್ಸ್:

ಜಾರಿಕೊಳ್ಳುವುದಿಲ್ಲ ಮಾರಾಯ್ರೆ.

ಮೊದಲು ಹುಡುಗಿಯ ಪ್ರಶ್ನೆ. ಅದು ಹೊಸದಲ್ಲ, ವಿಜ್ಞಾನ ಹುಟ್ಟುಹಾಕಿದ್ದೂ ಅಲ್ಲ. ಮೂರನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯದ ಕ್ರೈಸ್ತ ಪಂಡಿತ ಒರಿಜನ್ ಇದನ್ನೇ ಕೇಳಿದ್ದಾನೆ, ಸೂರ್ಯ ಚಂದ್ರ ಇಲ್ಲದೆ ಮೂರು ದಿನ ಆಯಿತು ಅಂತ ಬುದ್ಧಿ ಇರುವವರು ಯಾರು ನಂಬುತ್ತಾರೆ ಅಂತ. ಸಂತ ಅಗಸ್ಟಿನ್ ಕೂಡ ಈ ದಿನಗಳ ಬಗ್ಗೆ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು, ಇವು ನಮ್ಮ ದಿನಗಳಲ್ಲ ಅಂದ. ಗೊತ್ತಿಲ್ಲದ ವಿಷಯದಲ್ಲಿ ಬೈಬಲ್ ಹಿಡಿದು ಮಾತಾಡಿ ಹೊರಗಿನವರ ಮುಂದೆ ನಗೆಪಾಟಲಾಗಬೇಡಿ ಅಂತ ಬೈದದ್ದೂ ಅವನೇ. ಆಗ ಟೆಲಿಸ್ಕೋಪೂ ಇಲ್ಲ, ಡಾರ್ವಿನ್ನನೂ ಇಲ್ಲ. ಆದ್ದರಿಂದ ವಿಜ್ಞಾನಕ್ಕೆ ಹೆದರಿ ಅರ್ಥ ತಿರುಚಿದ್ದಾರೆ ಅನ್ನುವುದು ಸರಿಯಲ್ಲ.

ಆ ಅಧ್ಯಾಯವನ್ನು ಬೋರ್ಡಿನ ಮೇಲೆ ಎರಡು ಸಾಲಾಗಿ ಬರೆದು ನೋಡಿ ಟೀಚರ್. ಮೊದಲ ಮೂರು ದಿನ ಜಾಗ ಮಾಡುವುದು: ಬೆಳಕು-ಕತ್ತಲೆ, ಆಕಾಶ-ನೀರು, ಒಣನೆಲ. ಮುಂದಿನ ಮೂರು ದಿನ ಅದೇ ಕ್ರಮದಲ್ಲಿ ತುಂಬುವುದು: ಸೂರ್ಯ-ಚಂದ್ರ, ಹಕ್ಕಿ-ಮೀನು, ಪ್ರಾಣಿ-ಮನುಷ್ಯ. ಮನೆ ಕಟ್ಟಿ ಆಮೇಲೆ ಒಕ್ಕಲು ಬಂದ ಹಾಗೆ. ಇನ್ನೊಂದು ವಿಷಯ, ಅಲ್ಲಿ ಸೂರ್ಯ ಚಂದ್ರ ಅನ್ನುವ ಹೆಸರೇ ಇಲ್ಲ, ದೊಡ್ಡ ಬೆಳಕು ಚಿಕ್ಕ ಬೆಳಕು ಅಂತಷ್ಟೇ ಇದೆ. ಸುತ್ತಲಿನ ಜನ ಅವನ್ನೇ ದೇವರು ಅಂತ ಪೂಜಿಸುತ್ತಿದ್ದರು. ಇವರು ಹೆಸರು ಕೂಡ ಹೇಳದೆ ದೀಪ ತೂಗುಹಾಕಿದ ಹಾಗೆ ನಾಲ್ಕನೇ ದಿನಕ್ಕೆ ತಳ್ಳಿದರು. ಸೂರ್ಯ ತಡವಾಗಿ ಬಂದದ್ದು ಬರೆದವರ ಮರೆವಿನಿಂದಲ್ಲ ಅಂತ ನನ್ನ ಓದು, ಬೇಕಂತಲೇ ಮಾಡಿದ್ದು.

ಇನ್ನು ಸೃಷ್ಟಿ ಅಂದರೆ ಏನು? ಕ್ಯಾಥೊಲಿಕ್ ದೈವಶಾಸ್ತ್ರಜ್ಞ ಅಕ್ವಿನಾಸ್ 13ನೇ ಶತಮಾನದಲ್ಲೇ ಹೇಳಿದ್ದು: ಜಗತ್ತಿಗೆ ಒಂದು ಶುರು ಇತ್ತು ಅಂತ ನಾನು ನಂಬುತ್ತೇನೆ, ಆದರೆ ತರ್ಕದಿಂದ ಸಾಧಿಸಲು ಆಗುವುದಿಲ್ಲ. ಶುರುವೇ ಇಲ್ಲದ ಜಗತ್ತಾದರೂ ಅದು ದೇವರನ್ನು ಹಿಡಿದುಕೊಂಡೇ ಇರುತ್ತದೆ. ನಮ್ಮ ಕಡೆಯ ಮಾತಲ್ಲಿ ಹೇಳುವುದಾದರೆ ಯಕ್ಷಗಾನದ ಭಾಗವತರು. ಅವರು ಪದ ನಿಲ್ಲಿಸಿದರೆ ಆಟವೂ ನಿಂತಿತು. ಮೊದಲ ಪದ ಎಷ್ಟು ಗಂಟೆಗೆ ಹೇಳಿದರು ಅನ್ನುವುದು ಬೇರೆ ಪ್ರಶ್ನೆ, ಅದನ್ನು ಗಡಿಯಾರ ಇರುವವರು ನೋಡಿಕೊಳ್ಳಲಿ.

ಈಗ ಆದಾಮ. ಹಾಸನದವರೇ, ಬಿಗ್ ಬ್ಯಾಂಗಿಗಿಂತ ಇದೇ ಕಷ್ಟದ್ದು. 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದು ಅಂದರು, ಆದರೆ ಆತ್ಮದ ವಿಷಯ ಬೇರೆಯೇ ಇಟ್ಟರು. ಮನುಷ್ಯಕುಲ ಒಂದೇ ಜೋಡಿಯಿಂದ ಬಂದದ್ದಲ್ಲ, ಸಾವಿರಾರು ಜನರ ಗುಂಪಿನಿಂದ ಬಂದದ್ದು ಅಂತ ತಳಿವಿಜ್ಞಾನ ಹೇಳುತ್ತದೆ. ಇದನ್ನು ಪೌಲನ ಮಾತಿನ ಜೊತೆ ಹೇಗೆ ಇಟ್ಟುಕೊಳ್ಳುವುದು ಅನ್ನುವುದಕ್ಕೆ ಬೇರೆ ಬೇರೆಯವರು ಬೇರೆ ಬೇರೆ ದಾರಿ ಹೇಳುತ್ತಾರೆ, ಯಾವುದೂ ನನಗೆ ಪೂರ್ತಿ ಸಮಾಧಾನ ಕೊಟ್ಟಿಲ್ಲ. ನಾನು ಅದನ್ನು ಉತ್ತರ ಸಿಗದ ಲೆಕ್ಕದ ಹಾಗೆ ಪಕ್ಕಕ್ಕೆ ಇಟ್ಟುಕೊಂಡು ಪೂಜೆಗೆ ಹೋಗುತ್ತೇನೆ. ನೀವು ಇದನ್ನು ಜಾರಿಕೊಂಡದ್ದು ಅನ್ನಬಹುದು.

ಒಂದು ಮಾತು ಮರೆತೆ. 1964ರಲ್ಲಿ ಅಮೆರಿಕದ ಇಬ್ಬರು ರೇಡಿಯೋ ಖಗೋಳ ವಿಜ್ಞಾನಿಗಳ ದೊಡ್ಡ ಆಂಟೆನಾದಲ್ಲಿ ಎತ್ತ ತಿರುಗಿಸಿದರೂ ಒಂದೇ ಸಮ ಗುಂಯ್‌ಗುಡುವ ಸದ್ದು ಬರುತ್ತಿತ್ತು. ಒಳಗೆ ಪಾರಿವಾಳ ಗೂಡು ಕಟ್ಟಿದ್ದವು, ಹಿಕ್ಕೆ ಎಲ್ಲ ತೊಳೆದರು, ಸದ್ದು ಹೋಗಲಿಲ್ಲ. ಅದು ಬ್ರಹ್ಮಾಂಡ ಹುಟ್ಟಿದ ಕಾಲದ ಕಾವು, ಈಗ ತಣ್ಣಗಾಗಿ ಉಳಿದದ್ದು. ಲಮೇತ್ರರಿಗೆ ಈ ಸುದ್ದಿ ಮುಟ್ಟಿದ್ದು ಕೊನೆಯ ಕಾಯಿಲೆಯಲ್ಲಿ. 1966ರ ಜೂನ್‌ನಲ್ಲಿ ತೀರಿಕೊಂಡರು. ಈ ಪಾರಿವಾಳದ ಕಥೆ ಮಕ್ಕಳಿಗೆ ಹೇಳಿ, ಇಷ್ಟಪಡುತ್ತಾರೆ.

ಹಾಸನದ ಹುಡುಗ:

ಸರ್, ಒಪ್ಪಿಲ್ಲ. ಆದರೆ ನಿಮಗೆ ಸಮಾಧಾನ ಆಗಿಲ್ಲ ಅಂತ ಹೇಳಿದ್ದಕ್ಕೆ ಥ್ಯಾಂಕ್ಸ್. ಆ ಎರಡು ಸಾಲು ಬರೆದು ನೋಡಿದೆ. ಅದು ಇರುವುದು ಹೌದು, ಇಷ್ಟು ವರ್ಷ ಓದಿಯೂ ಕಂಡಿರಲಿಲ್ಲ. ಹಾಗೆ ಜೋಡಿಸಿದ ಮಾತ್ರಕ್ಕೆ ನಡೆದಿಲ್ಲ ಅಂತ ಆಗುವುದಿಲ್ಲವಲ್ಲ.

ಮಲ್ಪೆ ಟೀಚರ್:

ಎಲ್ಲರಿಗೂ ಧನ್ಯವಾದ. ಭಾನುವಾರ ಪಾಠ ಆಯಿತು. ಬೋರ್ಡಿನ ಮೇಲೆ ಎರಡು ಸಾಲು ಬರೆದೆ. ಲಮೇತ್ರರ ಗೀಟಿನ ಕಥೆ ಹೇಳಿದೆ, ಪಾರಿವಾಳದ್ದೂ ಹೇಳಿದೆ (ಹಿಕ್ಕೆಗೆ ಐದು ನಿಮಿಷ ನಗು). ಪರೀಕ್ಷೆಯಲ್ಲಿ 1380 ಕೋಟಿ ಅಂತಲೇ ಬರಿ, ಅದು ಸುಳ್ಳು ಹೇಳಿದ ಹಾಗಲ್ಲ ಎಂದೆ. ಕೇಳಿದ್ದಕ್ಕೆ ಯಾರೂ ಹೊರಗೆ ನಿಲ್ಲಬೇಕಿಲ್ಲ ಅಂತಲೂ ಹೇಳಿದೆ, ವಾಕರ್ ಅವರೇ, ಅದು ನಿಮ್ಮ ಲೆಕ್ಕಕ್ಕೆ.

ಒಬ್ಬ ಹುಡುಗನ ತಂದೆ ಸಂಜೆ ಫೋನ್ ಮಾಡಿ ಸ್ವಲ್ಪ ಬೇಜಾರು ಮಾಡಿಕೊಂಡರು. ಸಭಾಪಾಲಕರ ಹತ್ತಿರ ಮಾತಾಡುತ್ತಾರಂತೆ. ಮಾತಾಡಲಿ, ನಾನೂ ಹೋಗುತ್ತೇನೆ.

ಲಾಲ್‌ಬಾಗಿನ ಬಂಡೆ ಓದಿದಾಗ ನಮ್ಮ ಸೇಂಟ್ ಮೇರೀಸ್ ದ್ವೀಪ ನೆನಪಾಯಿತು. ಮಾತೆ ಮರಿಯಳ ಹೆಸರು, ಕಂಬಕಂಬವಾಗಿ ನಿಂತ ಲಾವಾ ಕಲ್ಲು. ಮಡಗಾಸ್ಕರ್ ನಮ್ಮಿಂದ ಬಿಟ್ಟುಹೋದ ಕಾಲದ್ದು, ಸುಮಾರು 8.8 ಕೋಟಿ ವರ್ಷ. ನಾನು ನಾಲ್ಕೈದು ಸಲ ಹೋಗಿದ್ದೇನೆ, ಫೋಟೋ ತೆಗೆದು ಚಿಪ್ಪು ಹೆಕ್ಕಿ ಬಂದಿದ್ದೇನೆ, ಕಲ್ಲನ್ನು ಕಲ್ಲು ಅಂತ ನೋಡಿಯೇ ಇಲ್ಲ. ಮಳೆಗಾಲ ಮುಗಿದು ಮಲ್ಪೆಯಿಂದ ಬೋಟ್ ಶುರುವಾದ ಮೇಲೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಅಂತ ತೀರ್ಮಾನ ಆಗಿದೆ. ಆ ಹುಡುಗಿಯ ಪ್ರಶ್ನೆ ಈಗಲೇ ರೆಡಿ ಇದೆ: "ಟೀಚರ್, ಆ ಕಲ್ಲು ತಣ್ಣಗಾಗುವಾಗ ಅಲ್ಲಿ ನೋಡಲಿಕ್ಕೆ ಯಾರೂ ಇರಲಿಲ್ಲ ಅಲ್ವಾ, ಮತ್ತೆ ದೇವರು 'ಒಳ್ಳೆಯದು' ಅಂತ ಹೇಳಿದ್ದು ಯಾರಿಗೆ?"

ಫಿಸಿಕ್ಸ್ ಸರ್, ಇದಕ್ಕೆ ಅಕ್ಟೋಬರ್ ತನಕ ಟೈಮ್ ಇದೆ.