ತೋಟದ ಶೆಡ್ಡಿನಲ್ಲಿ ವಿದ್ಯುತ್ ಎಸ್‌ಯುವಿ ಚಾರ್ಜಿಂಗ್ ಅರ್ಧಕ್ಕೇ ನಿಲ್ಲುತ್ತಿದೆ: ಇದು ಅರ್ತಿಂಗ್ ದೋಷವೇ?

ಮೂಡಿಗೆರೆ ತೋಟಿಗ:

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕಿನ ನಮ್ಮ ಕಾಫಿ ತೋಟದ ಓಡಾಟಕ್ಕೆ ಹಳೆಯ ಡೀಸೆಲ್ ಜೀಪಿನ ಬದಲು ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ವಿದ್ಯುತ್ ಎಸ್‌ಯುವಿಯನ್ನು ತಂದಿದ್ದೇವೆ. ಬ್ಯಾಟರಿ 75 ಕಿಲೋವ್ಯಾಟ್-ಅವರ್ ಸಾಮರ್ಥ್ಯದ್ದು, ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಮಾದರಿಯದು. ಕೆಸರಿನಲ್ಲಾಗಲಿ, ಕಲ್ಲೆದ್ದ ಏರಿನಲ್ಲಾಗಲಿ ಗಾಡಿ ನಡೆಯುವ ರೀತಿಯ ಬಗ್ಗೆ ನನಗೆ ಯಾವ ದೂರೂ ಇಲ್ಲ. ತೊಂದರೆ ಇರುವುದು ಚಾರ್ಜಿಂಗ್‌ನಲ್ಲಿ.

ಗಾಡಿಯ ಜೊತೆ ಬಂದ ಪೋರ್ಟಬಲ್ ಚಾರ್ಜರನ್ನು ಶೆಡ್ಡಿನ 16 ಆಂಪಿಯರ್ ಸಾಕೆಟ್ಟಿಗೆ ಹಾಕುತ್ತೇವೆ. ಮನೆಯ ಮೀಟರ್‌ನಿಂದ ಶೆಡ್ಡಿಗೆ ಸುಮಾರು 100 ಮೀಟರ್ ದೂರವಿದ್ದು, 2.5 ಚದರ ಮಿ.ಮೀ. ತಾಮ್ರದ ವೈರ್ ಎಳೆಯಲಾಗಿದೆ. ಚಾರ್ಜಿಂಗ್ ಸರಿಯಾಗಿಯೇ ಆರಂಭವಾಗುತ್ತದೆ; ಸ್ವಲ್ಪ ಹೊತ್ತಿನಲ್ಲಿ ಚಾರ್ಜರ್ ಪೆಟ್ಟಿಗೆಯ ಮೇಲಿನ ಅರ್ತ್ ಚಿಹ್ನೆಯ ಪಕ್ಕದಲ್ಲಿ ಕೆಂಪು ದೀಪ ಹತ್ತಿ ಎಲ್ಲವೂ ನಿಲ್ಲುತ್ತದೆ. ಸಂಜೆಯ ಹೊತ್ತು, ಅದರಲ್ಲೂ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡುತ್ತಿರುವಾಗ, ಇದು ಹೆಚ್ಚು. ನಡುರಾತ್ರಿಯ ನಂತರ ಕೆಲವೊಮ್ಮೆ ತಾನಾಗಿಯೇ ಸರಿಹೋಗುತ್ತದೆ. ಶೆಡ್ಡಿನ ಪಕ್ಕದಲ್ಲಿಯೇ ಅರ್ತ್ ಗುಂಡಿ ಇದೆ, ಅದಕ್ಕೆ ನೀರನ್ನೂ ಹಾಕಿಸಿದ್ದೇನೆ. ನಮ್ಮ ಕಡೆಯ ಎಲೆಕ್ಟ್ರಿಷಿಯನ್ ಒಬ್ಬರು, ಪ್ಲಗ್ಗಿನೊಳಗೆ ನ್ಯೂಟ್ರಲ್ ಮತ್ತು ಅರ್ತ್ ಪಿನ್ನುಗಳ ನಡುವೆ ಒಂದು ತುಂಡು ವೈರ್ ಸೇರಿಸಿದರೆ ದೀಪ ಆರುತ್ತದೆ ಎನ್ನುತ್ತಾರೆ. ಹಾಗೆ ಮಾಡಬಹುದೇ?

ಇನ್ನೊಂದು ಪ್ರಶ್ನೆಯೂ ಇದೆ. ಪೂರ್ತಿ ಚಾರ್ಜ್ ಮಾಡಿಕೊಂಡು ಚಾರ್ಮಾಡಿ ಘಾಟಿಯನ್ನು ಇಳಿಯುವಾಗ ರೀಜನ್ ಬ್ರೇಕ್ (ಮೋಟಾರಿನಿಂದಲೇ ವೇಗ ತಗ್ಗಿಸಿ, ಆ ಶಕ್ತಿಯನ್ನು ಬ್ಯಾಟರಿಗೆ ಮರಳಿ ತುಂಬುವ ಏರ್ಪಾಡು) ಹಿಡಿಯುವುದೇ ಇಲ್ಲ. ಇದು ದೋಷವೇ, ಗಾಡಿಯ ಸ್ವಭಾವವೇ?

ಓಮ್ ಸಕಲೇಶಪುರ:

ಮೊದಲಿಗೆ ಒಂದು ವಿನಂತಿ: ಆ ತುಂಡು ವೈರನ್ನು ದಯವಿಟ್ಟು ಯಾವ ಕಾರಣಕ್ಕೂ ಹಾಕಿಸಬೇಡಿ. ಅದನ್ನು ಹಾಕಿದರೆ ಕೆಂಪು ದೀಪ ಆರಬಹುದು, ಆದರೆ ದೋಷ ಇದ್ದಲ್ಲಿಯೇ ಇರುತ್ತದೆ. ಪ್ಲಗ್ಗಿನಲ್ಲಿ ನ್ಯೂಟ್ರಲ್ಲಿಗೂ ಅರ್ತಿಗೂ ಸಂಪರ್ಕ ಕೊಟ್ಟ ಮೇಲೆ, ಮೀಟರ್‌ನಿಂದ ಶೆಡ್ಡಿನವರೆಗೆ ಎಲ್ಲಿಯಾದರೂ ನ್ಯೂಟ್ರಲ್ ವೈರ್ ಕಡಿದುಹೋದರೆ ಅಥವಾ ಜೋಡಣೆ ಸಡಿಲವಾದರೆ, ಗಾಡಿಯ ಇಡೀ ಲೋಹದ ಮೈಗೆ ಫೇಸ್‌ನ ವೋಲ್ಟೇಜ್ ಬರುವ ಸಂಭವವಿದೆ. ನಿಮ್ಮ ಗುಂಡಿಯ ಅರ್ತ್ ದುರ್ಬಲವಾಗಿದ್ದರೆ ಅದನ್ನು ತಡೆಯುವವರು ಯಾರೂ ಇಲ್ಲ. ಕೊಂಬೆ ಬಿದ್ದು ವೈರ್ ಹರಿಯುವುದು ಮಲೆನಾಡಿನ ಮಳೆಗಾಲದಲ್ಲಿ ಅಪರೂಪವೇನಲ್ಲ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಬಾಗಿಲಿನ ಹಿಡಿಕೆಗೆ ಕೈ ಹಾಕುವ ಕೆಲಸದವರನ್ನು ನೆನೆಸಿಕೊಳ್ಳಿ. ಸಾಲಿನಲ್ಲಿ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಸಾಲನ್ನು ತಕ್ಷಣ ಕಡಿಯುವ ಸ್ವಿಚ್) ಇದ್ದರೆ ಈ ಜೋಡಣೆಯಿಂದ ಅದು ಪದೇ ಪದೇ ಬೀಳುತ್ತದೆ. ಆಗ ಅದೇ ಸಲಹೆಗಾರರು ಆರ್‌ಸಿಸಿಬಿಯನ್ನೂ ತೆಗೆಸುತ್ತಾರೆ. ಜೀವ ಕಾಯುವ ಎರಡು ಏರ್ಪಾಡುಗಳನ್ನು ಒಂದೇ ದಿನ ಕಳೆದುಕೊಂಡಂತಾಗುತ್ತದೆ. ಮಾರುಕಟ್ಟೆಯಲ್ಲಿ ಸಿಗುವ, ಚಾರ್ಜರಿಗೆ ಅರ್ತ್ ಇದೆಯೆಂದು ನಂಬಿಸುವ ಅಡಾಪ್ಟರುಗಳೂ ಮಾಡುವುದು ಇಂಥದ್ದೇ ಕೆಲಸವನ್ನು.

ಇನ್ನು ಕಾರಣ ಹುಡುಕೋಣ. ನೀವು ಗುಂಡಿಯನ್ನು ಅನುಮಾನಿಸುತ್ತಿದ್ದೀರಿ, ನನಗೆ ವೈರಿನ ಮೇಲೆಯೇ ಹೆಚ್ಚು ಅನುಮಾನ. 2.5 ಚದರ ಮಿ.ಮೀ. ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 7.4 ಓಮ್ ರೋಧವಿರುತ್ತದೆ. ಹೋಗುವ ಫೇಸ್, ಬರುವ ನ್ಯೂಟ್ರಲ್ ಸೇರಿ ನಿಮ್ಮದು 200 ಮೀಟರ್, ಅಂದರೆ ಹತ್ತಿರಹತ್ತಿರ 1.5 ಓಮ್. ಚಾರ್ಜರ್ 14 ಆಂಪಿಯರ್ ಎಳೆದಾಗ ಸುಮಾರು 21 ವೋಲ್ಟ್ ಆ ದಾರಿಯಲ್ಲಿಯೇ ಕಳೆದುಹೋಗುತ್ತದೆ. ಗಮನಿಸಬೇಕಾದದ್ದು ಇಷ್ಟು: ಈ ನಷ್ಟದಲ್ಲಿ ಅರ್ಧ ನ್ಯೂಟ್ರಲ್ ವೈರಿನಲ್ಲಿ ಆಗುತ್ತದೆ. ಹಾಗಾಗಿ ಶೆಡ್ಡಿನ ತುದಿಯಲ್ಲಿ ನ್ಯೂಟ್ರಲ್, ಅರ್ತಿಗಿಂತ ಹತ್ತು ವೋಲ್ಟಿನಷ್ಟು ಮೇಲೇಳುತ್ತದೆ. ಅನೇಕ ಚಾರ್ಜರುಗಳು ಈ ನ್ಯೂಟ್ರಲ್-ಅರ್ತ್ ಅಂತರ ಒಂದು ಮಿತಿ ದಾಟಿದರೆ ಅದನ್ನು ಅರ್ತ್ ದೋಷವೆಂದೇ ತೋರಿಸಿ ನಿಲ್ಲುತ್ತವೆ. ಸಂಜೆ ಸುತ್ತಲಿನ ಮನೆಗಳ ಹೊರೆಯೂ ನಿಮ್ಮ ಪಲ್ಪರಿನದೂ ಸೇರಿದಾಗ ಅಂತರ ಇನ್ನಷ್ಟು ಏರುತ್ತದೆ. ರಾತ್ರಿ ತಾನಾಗಿಯೇ ಸರಿಹೋಗುವುದಕ್ಕೆ ಇದು ಸಹಜವಾದ ವಿವರಣೆ. ಬರಿಯ ಗುಂಡಿಯ ದೋಷವಾಗಿದ್ದರೆ ಅದು ಗಡಿಯಾರ ನೋಡಿಕೊಂಡು ಬರುತ್ತಿರಲಿಲ್ಲ.

ಅನುಭವವಿರುವ ಎಲೆಕ್ಟ್ರಿಷಿಯನ್ ಒಬ್ಬರಿಂದ ಶೆಡ್ಡಿನ ಸಾಕೆಟ್ಟಿನಲ್ಲಿ ಫೇಸ್-ನ್ಯೂಟ್ರಲ್, ನ್ಯೂಟ್ರಲ್-ಅರ್ತ್, ಫೇಸ್-ಅರ್ತ್ ವೋಲ್ಟೇಜುಗಳನ್ನು ಚಾರ್ಜ್ ಇಲ್ಲದಾಗ ಒಮ್ಮೆ, ಚಾರ್ಜ್ ನಡೆಯುತ್ತಿರುವಾಗ ಮತ್ತೊಮ್ಮೆ ಅಳೆಸಿ. ಚಾರ್ಜ್ ನಡೆಯುವಾಗ ಮೀಟರ್ ಬಳಿಯ ಫೇಸ್-ನ್ಯೂಟ್ರಲ್ ಕೂಡ ಬೇಕು. ಹೊರೆ ಇಲ್ಲದಾಗಲೂ ನ್ಯೂಟ್ರಲ್-ಅರ್ತ್ ಹೆಚ್ಚಾಗಿದ್ದರೆ ಅರ್ತಿಂಗ್ ಅಥವಾ ನ್ಯೂಟ್ರಲ್ ಜೋಡಣೆಯನ್ನು ನೋಡಬೇಕು. ಹೊರೆ ಬಿದ್ದಾಗ ಮಾತ್ರ ಏರಿದರೆ ವೈರ್ ಸಣ್ಣದಾಗಿದೆ ಎಂದೇ ತಿಳಿಯಿರಿ. ಹಾಗೆಯೇ ಪ್ಲಗ್ಗನ್ನು ಹೊರಗೆಳೆದು ಪಿನ್ನುಗಳ ಬುಡವನ್ನು ನೋಡಿ. ಅಲ್ಲಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಸಾಕೆಟ್ ಸಡಿಲವಾಗಿ ಬಿಸಿಯಾಗುತ್ತಿದೆ ಎಂದರ್ಥ.

ಮೂಡಿಗೆರೆ ತೋಟಿಗ:

ಇಷ್ಟು ಬಿಡಿಸಿ ಬರೆದದ್ದಕ್ಕೆ ಕೃತಜ್ಞ. ವೈರ್ ತುಂಡಿನ ಯೋಚನೆಯನ್ನು ಕೈಬಿಟ್ಟಿದ್ದೇನೆ. ಬೇರೊಬ್ಬರನ್ನು ಕರೆಸಿ ಅಳೆಸಿದೆ. ಹೊರೆ ಇಲ್ಲದಾಗ ಫೇಸ್-ನ್ಯೂಟ್ರಲ್ 226 ವೋಲ್ಟ್, ನ್ಯೂಟ್ರಲ್-ಅರ್ತ್ 1 ವೋಲ್ಟ್. ಚಾರ್ಜ್ ನಡೆಯುವಾಗ ಕ್ರಮವಾಗಿ 200 ಮತ್ತು 13, ಫೇಸ್-ಅರ್ತ್ 213. ಅದೇ ಹೊತ್ತಿಗೆ ಮೀಟರ್ ಬಳಿ ಫೇಸ್-ನ್ಯೂಟ್ರಲ್ 221 ಇತ್ತು. ಒಂದು ಪಿನ್ನಿನ ಬುಡ ನೀವು ಹೇಳಿದಂತೆಯೇ ಕಂದಾಗಿದೆ.

ಓಮ್ ಸಕಲೇಶಪುರ:

ಮೀಟರ್‌ನಿಂದ ಶೆಡ್ಡಿಗೆ ಬರುವಷ್ಟರಲ್ಲಿ 21 ವೋಲ್ಟ್ ಹೋಗಿದೆ. ಲೆಕ್ಕ ಕೂಡಿ ಬಂದಿತು. ಕೇಬಲ್ ಬದಲಿಸಿ. 6 ಚದರ ಮಿ.ಮೀ. ತಾಮ್ರವಾದರೆ ನಷ್ಟ 9 ವೋಲ್ಟಿನ ಒಳಗೆ ಬರುತ್ತದೆ. ಅಲ್ಯುಮಿನಿಯಂ ಆದರೆ ಅಷ್ಟೇ ಫಲಕ್ಕೆ 10 ಚದರ ಮಿ.ಮೀ. ಬೇಕು. ಬಿಸಿಯಾದ ಸಾಕೆಟ್ ಮತ್ತು ಪ್ಲಗ್ಗನ್ನು ಉಳಿಸಿಕೊಳ್ಳಬೇಡಿ: ಹೊಸದಾಗಿ ಕೈಗಾರಿಕಾ ಮಾದರಿಯ ಸಾಕೆಟ್ ಹಾಕಿಸಿ, ಪ್ಲಗ್ಗಿನ ಭಾಗವನ್ನು ಚಾರ್ಜರಿನ ತಯಾರಕರ ಮೂಲಕವೇ ಬದಲಿಸಿಕೊಳ್ಳಿ. ಈ ಸಾಲಿಗೆ ಪ್ರತ್ಯೇಕ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಸಾಲನ್ನು ಕಡಿಯುವ ಸ್ವಿಚ್) ಇರಲಿ, ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ಅದು ಎ ಮಾದರಿಯದಾಗಿರಬೇಕು. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಎಸಿ ಮಾದರಿಯದು ವಿದ್ಯುತ್ ವಾಹನದ ಸೋರಿಕೆಯನ್ನು ಸರಿಯಾಗಿ ಗುರುತಿಸದೆ ಹೋಗಬಹುದು.

ಗುಂಡಿಯನ್ನೂ ಮರೆಯಬೇಡಿ. ಈಗ ಅದು ಚೆನ್ನಾಗಿ ಕಂಡರೂ ನಿಜವಾದ ಪರೀಕ್ಷೆ ಏಪ್ರಿಲ್‌ನಲ್ಲಿ, ಮಣ್ಣು ಒಣಗಿದಾಗ. ಅರ್ತ್ ಟೆಸ್ಟರಿನಿಂದ ಅಳೆಸಿ, 5 ಓಮ್‌ಗಿಂತ ಕಡಿಮೆ ಬಂದರೆ ನೆಮ್ಮದಿ.

ಕೇಬಲ್ ಬರುವವರೆಗೆ ಪ್ಲಗ್ ಬಿಸಿಯಾಗದಿದ್ದರೆ ಮಾತ್ರ, ಗಾಡಿಯ ಪರದೆಯಲ್ಲಿ ಚಾರ್ಜಿಂಗ್ ಕರೆಂಟನ್ನು 10 ಆಂಪಿಯರಿಗೆ ಇಳಿಸಿ, ರಾತ್ರಿ ಹೊತ್ತು ಚಾರ್ಜ್ ಮಾಡಬಹುದು. ತೋಟದೊಳಗಿನ ಓಡಾಟಕ್ಕೆ ಅಷ್ಟು ಸಾಕಾಗುತ್ತದೆ.

ಘಟ್ಟದ ದಾರಿ:

ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಅದು ದೋಷವಲ್ಲ. ತುಂಬಿದ ಬ್ಯಾಟರಿಗೆ ಮತ್ತೆ ವಿದ್ಯುತ್ ತುಂಬಲು ಜಾಗವಿಲ್ಲದ ಕಾರಣ ಗಾಡಿ ರೀಜನ್ ಅನ್ನು ತಾನಾಗಿಯೇ ಕಡಿಮೆ ಮಾಡುತ್ತದೆ. ಜನ, ಸಾಮಾನು ಸೇರಿ ಎರಡೂವರೆ ಟನ್ ತೂಕದ ಗಾಡಿ 700 ಮೀಟರ್ ಎತ್ತರ ಇಳಿದರೆ ಅದರಿಂದ ಹೊಮ್ಮುವ ಶಕ್ತಿ ಸುಮಾರು 4.8 ಕಿಲೋವ್ಯಾಟ್-ಅವರ್, ನಿಮ್ಮ ಬ್ಯಾಟರಿಯ ಶೇ 6ಕ್ಕಿಂತ ಸ್ವಲ್ಪ ಹೆಚ್ಚು. ರೀಜನ್ ಇಲ್ಲದಿದ್ದರೆ ಅದರ ಬಹುಪಾಲು ಬ್ರೇಕ್ ಪ್ಯಾಡುಗಳ ಬಿಸಿಯಾಗಿ ಹೋಗಬೇಕು. ಚಾರ್ಮಾಡಿಯ ತಿರುವುಗಳಲ್ಲಿ, ಮಂಜು ಮುಸುಕಿದ ದಿನ, ಅಂಥ ಸ್ಥಿತಿ ಯಾರಿಗೂ ಬೇಡ. ಘಾಟಿ ಇಳಿಯುವ ದಿನ ಶೇ 90ಕ್ಕೆ ಚಾರ್ಜ್ ನಿಲ್ಲಿಸಿ. ಎಲ್‌ಎಫ್‌ಪಿ ಬ್ಯಾಟರಿಯನ್ನು ಆಗಾಗ ಪೂರ್ತಿ ತುಂಬಿಸದಿದ್ದರೆ ಉಳಿದ ಚಾರ್ಜಿನ ಅಂದಾಜು ತಪ್ಪುವುದರಿಂದ, ಕೈಪಿಡಿಯಲ್ಲಿ ಹೇಳಿದಂತೆ ತುಂಬಿಸುವ ಕೆಲಸವನ್ನು ತೋಟದಲ್ಲಿಯೇ ಓಡಾಡುವ ದಿನಕ್ಕೆ ಇಟ್ಟುಕೊಳ್ಳಿ.

ಕೆಸರಿನ ಗಾಡಿಯಾದ್ದರಿಂದ ಇನ್ನೆರಡು ಮಾತು. ಚಾರ್ಜಿಂಗ್ ಪೋರ್ಟಿನ ಮುಚ್ಚಳದ ಅಂಚಿನಲ್ಲಿ ಕೂತ ಕೆಸರನ್ನು ಮುಚ್ಚಳ ತೆರೆಯುವ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ. ಪೋರ್ಟಿನತ್ತ ಪ್ರೆಷರ್ ವಾಷರ್ ತಿರುಗಿಸಬೇಡಿ. ಚಾರ್ಜರ್ ಪೆಟ್ಟಿಗೆ ಶೆಡ್ಡಿನ ನೆಲದಲ್ಲಿ ಬಿದ್ದಿರಬಾರದು, ಪ್ಲಗ್ಗಿಗೆ ತನ್ನ ಭಾರ ಹಾಕಿ ಜೋತಾಡಲೂ ಬಾರದು. ಗೋಡೆಗೆ ಕೊಕ್ಕೆ ಹೊಡೆದು ತೂಗುಹಾಕಿ. ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಟ್ರ್ಯಾಕ್ಟರಿಗೆ ಕಟ್ಟಿ ದೂರ ಎಳೆಸಬೇಡಿ. ಚಕ್ರ ತಿರುಗಿದರೆ ಮೋಟಾರುಗಳೂ ತಿರುಗಿ ವಿದ್ಯುತ್ ಹುಟ್ಟಿಸುತ್ತವೆ. ನಾಲ್ಕೂ ಚಕ್ರ ಮೇಲಿರುವ ಫ್ಲ್ಯಾಟ್‌ಬೆಡ್ಡಿನಲ್ಲಿಯೇ ಸಾಗಿಸಬೇಕು.

ಮೂಡಿಗೆರೆ ತೋಟಿಗ:

6 ಚದರ ಮಿ.ಮೀ. ತಾಮ್ರದ ಕೇಬಲ್, ಹೊಸ ಸಾಕೆಟ್, ಹೊಸ ಪ್ಲಗ್, ಎ ಮಾದರಿಯ ಆರ್‌ಸಿಸಿಬಿ ಎಲ್ಲವೂ ಬಂದವು. ಚಾರ್ಜ್ ನಡೆಯುವಾಗ ಈಗ ಫೇಸ್-ನ್ಯೂಟ್ರಲ್ 212, ನ್ಯೂಟ್ರಲ್-ಅರ್ತ್ 7. ಪಲ್ಪರ್ ಓಡುತ್ತಿದ್ದರೂ ಕೆಂಪು ದೀಪ ಬಂದಿಲ್ಲ. ಮುಂದೆ 7.2 ಕಿಲೋವ್ಯಾಟಿನ ಗೋಡೆ ಚಾರ್ಜರ್ ಹಾಕಿಸಬೇಕೆಂದಿದೆ. ಇದೇ ಕೇಬಲ್ ಸಾಕೇ?

ಓಮ್ ಸಕಲೇಶಪುರ:

ಸಾಲದು. ಅದು 31 ಆಂಪಿಯರಿನಷ್ಟು ಎಳೆಯುವುದರಿಂದ ಈ ಕೇಬಲ್ಲಿನಲ್ಲಿ 19 ವೋಲ್ಟ್ ಕಳೆದು, ನೀವು ಹೊರಟಲ್ಲಿಗೇ ಮರಳುತ್ತೀರಿ. 16 ಚದರ ಮಿ.ಮೀ. ತಾಮ್ರವಾದರೆ ನಷ್ಟ 7 ವೋಲ್ಟಿಗೆ ಇಳಿಯುತ್ತದೆ, ಆದರೆ ಬೆಲೆಯೂ ಏರುತ್ತದೆ. ಮೀಟರ್ ಪಕ್ಕದಲ್ಲಿಯೇ ಗಾಡಿ ನಿಲ್ಲಿಸಲು ಜಾಗವಿದ್ದರೆ ಚಾರ್ಜರನ್ನು ಅಲ್ಲಿಯೇ ಹಾಕಿಸುವುದು ಲೇಸು. ಯಾವುದಾದರೂ ಸರಿ, ಖರೀದಿಗೆ ಮೊದಲು ನಿಮ್ಮ ಮಂಜೂರಾದ ಲೋಡ್ ಎಷ್ಟಿದೆ ಎಂದು ಬಿಲ್ಲಿನಲ್ಲಿ ನೋಡಿ, ಕಡಿಮೆಯಿದ್ದರೆ ಹೆಚ್ಚಿಸಲು ನಿಮ್ಮ ವಿದ್ಯುತ್ ಸರಬರಾಜು ಕಂಪನಿಯಾದ ಮೆಸ್ಕಾಂಗೆ ಅರ್ಜಿ ಕೊಡಿ. ಆ ಒಪ್ಪಿಗೆ ಬಂದ ಮೇಲೆಯೇ ಚಾರ್ಜರ್ ಮತ್ತು ಕೇಬಲ್ ತರಿಸಿ.